ಅಡಿಕೆ ಹಾಳೆಯಲ್ಲಿ ಉಡುಗೊರೆಯ ಪೆಟ್ಟಿಗೆ: ನನ್ನ ಅನುಭವ

ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಚಳಿ ಶುರುವಾದರೆ ಮಳೆ ಹಿಡಿಯುವ ತನಕ ಹಾಳೆ, ಅಂದರೆ ಸೋಗೆಯ ಬುಡದಲ್ಲಿ ಮರವನ್ನು ಸುತ್ತಿರುವ ಅಗಲವಾದ ಭಾಗ, ಬೀಳುತ್ತಲೇ ಇರುತ್ತದೆ. ದನಕ್ಕೆ ಹಾಕಿ ಮಿಕ್ಕಿದ್ದರಲ್ಲಿ ನಾನು ಪೆಟ್ಟಿಗೆ ಹೊಲಿಯುತ್ತೇನೆ. ಒಬ್ಬರೇ ಇರುವ ಹಿರಿಯರಿಗೆ, ಅಡಿಕೆ ಗೊನೆ ಕೊಯ್ದುಕೊಟ್ಟವರಿಗೆ, ಕಷ್ಟಕಾಲದಲ್ಲಿ ಕೈಜೋಡಿಸಿದ ನೆರೆಮನೆಗೆ ಏನಾದರೂ ತುಂಬಿ ಕೊಡಲು ಇದಕ್ಕಿಂತ ಚೆಂದದ್ದು ಪೇಟೆಯಲ್ಲಿ ಸಿಗುವುದಿಲ್ಲ. ಇಡೀ ಕೆಲಸದ ಗುಟ್ಟು ಒಂದೇ: ನಾರು ಯಾವ ಕಡೆ ಓಡಿದೆ ಎಂದು ನೋಡಿಕೊಂಡು ಕೈ ಹಾಕುವುದು.

ಬಿದ್ದ ದಿನವೋ ಮರುದಿನವೋ ಹೆಕ್ಕಿದ ಹಾಳೆ ಒಳ್ಳೆಯದು. ಇಬ್ಬನಿಯಲ್ಲೋ ಮಳೆಯಲ್ಲೋ ನೆನೆದು ಕಪ್ಪು ಚುಕ್ಕೆ ಬಂದಿದ್ದರೆ ಬಿಟ್ಟುಬಿಡಿ, ಒರೆಸಿದರೂ ಬೂಸಲು ಮತ್ತೆ ಏಳುತ್ತದೆ. ನೀಲಿ ಕಲೆ ಇದ್ದರೂ ಬೇಡ. ಅದು ಅಡಿಕೆಯ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ (ತಾಮ್ರದ ಸಲ್ಫೇಟ್).

ತೆಂಗಿನ ನಾರಿನಿಂದ ತಿಕ್ಕಿ ತೊಳೆದು ನೀರಿನಲ್ಲಿ ಮುಳುಗಿಸಿಡಿ. ಹಸಿ ಹಾಳೆಗೆ ಅರ್ಧ ಗಂಟೆ ಸಾಕು, ಒಣಗಿದ್ದಕ್ಕೆ ಎರಡು ಮೂರು ತಾಸು ಬೇಕು. ರಾತ್ರಿಯಿಡೀ ಬಿಟ್ಟರೆ ಲೋಳೆಯಾಗಿ ವಾಸನೆ ಬರುತ್ತದೆ. ನೆನೆದ ಮೇಲೆ ಹಾಳೆಯ ನಡುಭಾಗದಲ್ಲಿ 13 ಇಂಚು ಉದ್ದ, 12 ಇಂಚು ಅಗಲದ ತುಂಡು ಕತ್ತರಿಸಿಕೊಳ್ಳಿ. ಉದ್ದ ಎಂದರೆ ನಾರು ಓಡುವ ದಿಕ್ಕು. ನಾಲ್ಕೂ ಬದಿ ಎರಡೂವರೆ ಇಂಚು ಮಡಿಚಿದರೆ 8 ಇಂಚು ಉದ್ದ, 7 ಇಂಚು ಅಗಲದ ತಳ ಉಳಿಯುತ್ತದೆ. ಆರು ಇಂಚಿನ ಹಲಸಿನ ಹಪ್ಪಳ ಇದರಲ್ಲಿ ಅಂಚು ಮುರಿಯದೆ ಕೂರುತ್ತದೆ.

ಮಡಿಚುವಾಗ ನುಣುಪಾದ ಒಳಮೈ ಒಳಗೇ ಇರಲಿ. ನಾರಿಗೆ ಅಡ್ಡವಾದ ಮಡಿಕೆ ಗಟ್ಟಿ. ಮಣೆಯ ಅಂಚಿಗೆ ಒತ್ತಿ ನಿಧಾನಕ್ಕೆ ಬಗ್ಗಿಸಬೇಕು, ಅವಸರ ಮಾಡಿದರೆ ಹೊರಮೈ ಬಿರಿಯುತ್ತದೆ. ನಾರಿನುದ್ದಕ್ಕೆ ಬರುವ ಮಡಿಕೆ ಸಲೀಸು, ಸೀಳುವುದೂ ಅಷ್ಟೇ ಸಲೀಸು. ಅಲ್ಲಿ ಚಾಕುವಿನಿಂದ ಗೀರಲೇಬಾರದು, ಲಟ್ಟಣಿಗೆ ಉರುಳಿಸಿ ಗುರುತು ಮಾಡಿಕೊಳ್ಳಿ. ಮೂಲೆಗಳನ್ನು ಕತ್ತರಿಸದೆ ಕಿವಿಯ ಹಾಗೆ ಚಿವುಟಿ ಹಿಡಿದು, ಏಳು ಇಂಚಿನ ಬದಿಯ ಗೋಡೆಗೆ ಒತ್ತಿ ಹೊಲಿಯಬೇಕು.

ಹೊಲಿಗೆಗೆ ಬಾಳೆ ನಾರು. ಒಣಗಿದ ಪಟ್ಟೆಯನ್ನು ನೆನೆಸಿ ತೆಳುವಾಗಿ ಸೀಳಿ, ಎರಡು ಎಳೆ ಹೊಸೆಯಿರಿ. ದಬ್ಬಣದ ತೂತು ಅಂಚಿನಿಂದ ಅರ್ಧ ಇಂಚಾದರೂ ಒಳಗಿರಲಿ. ಈ ಏಳು ಇಂಚಿನ ಗೋಡೆಯಲ್ಲಿ ಹಾಳೆಯ ನಾರು ಕೆಳಗಿಂದ ಮೇಲಕ್ಕೆ ಓಡಿರುತ್ತದೆ, ಒಂದರ ಮೇಲೊಂದು ತೂತು ಹಾಕಿದರೆ ಎರಡರ ನಡುವೆ ಬಿರುಕು ಓಡುತ್ತದೆ. ಅಕ್ಕಪಕ್ಕ ಹಾಕಿ. ಒಣಗುತ್ತ ಹಾಳೆಯೂ ನಾರೂ ಕುಗ್ಗುವುದರಿಂದ ಮೊದಲ ದಿನ ಸುತ್ತಿ ಮಾತ್ರ ಇಟ್ಟು, ಮರುದಿನ ಎಳೆದು ಗಂಟು ಬಿಗಿಯುವುದು ಸರಿ.

ಒಣಗಿಸುವಾಗ ಒಳಗೆ ಅಳತೆಯ ಮರದ ತುಂಡನ್ನೋ ಬಿಸ್ಕತ್ತಿನ ಡಬ್ಬವನ್ನೋ ಇಡದಿದ್ದರೆ ಗೋಡೆಗಳು ಮುರುಟುತ್ತವೆ. ಮೊದಲ ದಿನ ಗಾಳಿಯಾಡುವ ನೆರಳು, ಆಮೇಲೆ ಎರಡು ದಿನ ಬಿಸಿಲು. ಒಮ್ಮೆಲೇ ಬಿಸಿಲಿಗಿಟ್ಟರೆ ಹೊರಮೈ ಮೊದಲು ಒಣಗಿ ಮೂಲೆ ಒಡೆಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಬೇಗ ಒಣಗುವುದೇನೋ ನಿಜ, ಹೊಗೆವಾಸನೆ ಮಾತ್ರ ಹಪ್ಪಳಕ್ಕೆ ಹತ್ತುತ್ತದೆ. ವಾರ್ನಿಷ್ ಬಳಿಯುವುದು ನನಗೆ ಸರಿಕಾಣುವುದಿಲ್ಲ, ಹಾಳೆಯ ಕಂದು ಗೆರೆಗಳೇ ಅದರ ಅಂದ.

ತಿನಿಸನ್ನು ನೇರವಾಗಿ ಹಾಳೆಗೆ ತಾಗಿಸಬೇಡಿ. ಹಾಳೆಯ ತಟ್ಟೆಗಳಿಂದ ಅಡಿಕೆಯ ಅಲ್ಕಲಾಯ್ಡ್ (ಮೈಗೆ ಕೆಡುಕು ಮಾಡಬಲ್ಲ ರಾಸಾಯನಿಕ) ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ 2025ರಲ್ಲಿ ಎಚ್ಚರಿಸಿದೆ. ಬಟರ್ ಪೇಪರ್ ಹಾಸಿ, ಹಪ್ಪಳವನ್ನು ಕವರಿನಲ್ಲಿ ಕಟ್ಟಿಯೇ ಇಡಿ.

ಏನು ತುಂಬಬೇಕು ಎನ್ನುವುದು ತಿನ್ನುವವರನ್ನು ನೋಡಿ. ಹಲ್ಲು ಗಟ್ಟಿ ಇಲ್ಲದವರಿಗೆ ಹಪ್ಪಳ ಕೊಟ್ಟು ಏನು ಪ್ರಯೋಜನ? ಅವರಿಗೆ ಸುಕೇಳಿ, ಅಂದರೆ ಒಣಗಿಸಿದ ಬಾಳೆಹಣ್ಣು, ಒಂದಕ್ಕೊಂದು ಅಂಟದಂತೆ ಬೇರೆಬೇರೆ ಸುತ್ತಿ. ಕೈ ನಡುಗುವವರಿಗೆ ಪೆಟ್ಟಿಗೆ ಕಟ್ಟುವ ದಾರಕ್ಕೆ ಗಂಟು ಬೇಡ, ಎಳೆದರೆ ಬಿಚ್ಚುವ ಕುಣಿಕೆ ಹಾಕಿ. ಮಾಡಿದ ತಿಂಗಳು, ಖಾರ ಎಷ್ಟು, ಹಪ್ಪಳಕ್ಕೆ ಎಳ್ಳು ಹಾಕಿದೆಯೋ ಇಲ್ಲವೋ ಎಂದು ದಪ್ಪ ಅಕ್ಷರದ ಚೀಟಿ ಬರೆದಿಡಿ.

ಘಟ್ಟದ ಕೆಳಗೆ ಕುಮಟಾಕ್ಕೋ ಕಾರವಾರಕ್ಕೋ ಕಳಿಸುವುದಾದರೆ ಏಪ್ರಿಲ್‌, ಮೇ ಒಳಗೆ ಮುಗಿಸಿ. ಕರಾವಳಿಯ ಮಳೆಗಾಲದ ತೇವಕ್ಕೆ ಹಾಳೆ ಮೆತ್ತಗಾಗಿ ಬೂಸಲು ಹಿಡಿಯುತ್ತದೆ. ತಿನಿಸು ಖಾಲಿಯಾದ ಮೇಲೆ ಪೆಟ್ಟಿಗೆಯನ್ನು ಬಿಸಿಲಿಗೆ ಒಣಗಿಸಿ ಬೆಳ್ಳುಳ್ಳಿ ಇಟ್ಟುಕೊಳ್ಳಲಿ ಎಂದು ಅದೇ ಚೀಟಿಯಲ್ಲಿ ಬರೆದರಾಯಿತು.