ಹಳೇ ಎಂಜಿನ್ ಕೂರಿಸುವ ಮುಂಚೆ ಏನು ಬದಲಿಸಬೇಕು, ಏನು ಬಿಡಬೇಕು

ಅಡಿಕೆ, ಗೊಬ್ಬರ ಹೊರುವ ಜೀಪು, ಓಮ್ನಿಗಳ ಬಾಡಿ ಗಟ್ಟಿಯಿದ್ದು ಎಂಜಿನ್ ಮಲಗಿದರೆ ಗುಜರಿಯಿಂದ ಇನ್ನೊಂದು ತಂದು ಹಾಕಿಸುವುದು ನಮ್ಮ ಮಲೆನಾಡಲ್ಲಿ ಮಾಮೂಲಿ. ತಲೆಬಿಸಿ ಶುರುವಾಗುವುದು ಆಮೇಲೆ. ಎಲ್ಲಾ ಹೊಸದು ಹಾಕಲು ಹೋದರೆ ಎಂಜಿನ್ ರೇಟಿಗಿಂತ ಸಾಮಾನಿನ ಬಿಲ್ಲೇ ಜಾಸ್ತಿಯಾಗುತ್ತದೆ.

ಸಾಮಾನಿನ ರೇಟು ನೋಡಿ ತೀರ್ಮಾನ ಮಾಡಬೇಡಿ, ಲೇಬರ್ ನೋಡಿ. ಮುಂದೆ ಆ ಸಾಮಾನು ಕೆಟ್ಟರೆ ಎಂಜಿನ್ನೋ ಗೇರ್‌ಬಾಕ್ಸೋ ಇಳಿಸಬೇಕಾ? ಹಾಗಿದ್ದರೆ ಈಗಲೇ ಬದಲಿಸಿ. ಬಾನೆಟ್ ಎತ್ತಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವಾದರೆ ಕೆಟ್ಟಾಗ ನೋಡಿಕೊಂಡರಾಯಿತು.

ಅದಕ್ಕೂ ಮೊದಲು ಎಂಜಿನ್ನೇ ಸರಿ ಇದೆಯಾ ನೋಡಿ. ಮಳೆಗೆ ನೆನೆದು ಬಿದ್ದಿದ್ದ ಎಂಜಿನ್ ಆದರೆ ಸುಮ್ನೆ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಆಯಿಲ್ ಬಿಟ್ಟು, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಆಮೇಲೆ ಕಂಪ್ರೆಶನ್, ಅಂದರೆ ಪ್ರತಿ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಬರುತ್ತದೆ ಅಂತ ಚೆಕ್ ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ. 10ರ ಆಸುಪಾಸಿನ ವ್ಯತ್ಯಾಸ ಪರವಾಗಿಲ್ಲ. ಒಂದರಲ್ಲಿ ತುಂಬಾ ಕಮ್ಮಿ ಬಂದರೆ, ಪೆಟ್ರೋಲ್ ಎಂಜಿನ್ ಆಗಿದ್ದರೆ, ಅದಕ್ಕೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಹೆಡ್ ಕೆಲಸವಾದರೆ ಮಾಡಿಸಬಹುದು. ರಿಂಗ್, ಬೇರಿಂಗ್ ಹೋಗಿದ್ದರೆ ವಾಪಸ್ ಕೊಟ್ಟುಬಿಡಿ. ಬೋರ್ ಮಾಡಿಸುವ (ಸವೆದ ಸಿಲಿಂಡರ್ ಕೊರೆಸುವ) ಹಾಗಿದ್ದರೆ ನಿಮ್ಮ ಹಳೇ ಎಂಜಿನ್ನೇ ಮಾಡಿಸಬಹುದಿತ್ತಲ್ವಾ? ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಕಂಡರೆ ಅನುಮಾನ ಪಡಿ, ಆದರೆ ಆಗಲೇ ಬೇಡ ಅನ್ನಬೇಡಿ. ನಮ್ಮ ಥಂಡಿಯಲ್ಲಿ ಬರೀ ಪೇಟೆ-ಮನೆ ಓಡುವ ಗಾಡಿಗಳಲ್ಲೂ ತೇವಕ್ಕೆ ಸ್ವಲ್ಪ ಕೆನೆ ಕಟ್ಟುತ್ತದೆ. ಡಿಪ್‌ಸ್ಟಿಕ್ಕಲ್ಲೂ ಹಾಲಿನಂತೆ ಇದ್ದರೆ ಮಾತ್ರ ನೀರು ಸೇರಿದೆ ಅಂತ ಲೆಕ್ಕ.

ಎಂಜಿನ್ ಪಾಸಾದರೆ ಕೈ ಬಿಚ್ಚಿ ಖರ್ಚು ಮಾಡಬೇಕಾದ ಜಾಗ ಗೇರ್‌ಬಾಕ್ಸ್ ಸೇರುವ ಹಿಂಭಾಗ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಸಣ್ಣ ಸಾಮಾನು, ಆದರೆ ಅದು ಸೋರಿದರೆ ಆಯಿಲ್ ಕ್ಲಚ್ ಪ್ಲೇಟಿಗೆ ತಾಗಿ, ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹಳೇ ಸೀಲ್ ಕಿತ್ತ ಮೇಲೆ ಕ್ರ್ಯಾಂಕಿನ ಮೇಲೆ ಅದರ ಅಂಚು ಉಜ್ಜುವ ಜಾಗದಲ್ಲಿ ಉಗುರು ಆಡಿಸಿ. ಗೆರೆಗೆ ಉಗುರು ಸಿಕ್ಕಿಕೊಂಡರೆ ಹೊಸ ಸೀಲೂ ಸೋರುತ್ತದೆ. ಸೀಲಿನ ಅಂಚು ಆ ಗೆರೆ ಬಿಟ್ಟು ಕೂರುವ ಹಾಗೆ ಚೂರು ಸರಿಸಿ ಹಾಕಲು ಹೇಳಿ, ಆಗದಿದ್ದರೆ ಗೆರೆ ಮುಚ್ಚುವ ಸ್ಲೀವ್ (ತೆಳು ಬಳೆ) ಹಾಕಿಸಿ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹೊಸದಿರಲಿ. ಘಾಟಿಯಲ್ಲಿ ಹಾಫ್ ಕ್ಲಚ್ಚಲ್ಲೇ ನಿಲ್ಲಿಸುವ ನಮ್ಮವರ ಚಾಳಿಗೆ ಹಳೇ ಪ್ಲೇಟ್ ತಡೆಯುವುದಿಲ್ಲ. ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಚಕ್ರ, ಅಂದರೆ ಫ್ಲೈವೀಲ್, ಸುಟ್ಟು ನೀಲಿ ಆಗಿದ್ದರೆ ಲೇತಿನವರಿಗೆ ತೋರಿಸಿ.

ಆಮೇಲೆ ನೀರಿನ ಕಡೆ. ಕೂಲೆಂಟ್ ಬದಲು ಹಳ್ಳದ ನೀರು ಕುಡಿದ ಎಂಜಿನ್ ಆದರೆ ಬ್ಲಾಕಿನ ಪಕ್ಕದಲ್ಲಿ ನೀರಿನ ತೂತು ಮುಚ್ಚುವ ತಗಡಿನ ಡಮ್ಮಿಗಳು ಒಳಗಿಂದಲೇ ತುಕ್ಕು ತಿಂದಿರುತ್ತವೆ. ಎಂಜಿನ್ ಹೊರಗಿದ್ದಾಗ ಹೊಸದು ಬಡಿದು ಕೂರಿಸುವುದು ಸುಲಭ, ಒಳಗೆ ಹೋದ ಮೇಲೆ ಕೈಯೇ ಹೋಗುವುದಿಲ್ಲ. ವಾಟರ್ ಪಂಪ್, ಥರ್ಮೋಸ್ಟಾಟ್ ಹಾಕಿಬಿಡಿ. ಥರ್ಮೋಸ್ಟಾಟ್ ತೆಗೆದೇ ಓಡಿಸಿ ಅನ್ನುವ ಸಲಹೆ ಕೇಳಬೇಡಿ.

ಓಮ್ನಿಯ 796 ಸಿಸಿ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿಗೆ ಹೊಂದಿಸಿ ವಾಲ್ವ್ ಓಡಿಸುವ ಬೆಲ್ಟ್) ಇದೆ. ಹಿಂದಿನವರು ಯಾವಾಗ ಬದಲಿಸಿದರು ಅನ್ನುವ ಮಾತು ನಂಬದೆ ಬೆಲ್ಟ್, ಟೆನ್ಷನರ್ ಎರಡೂ ಹಾಕಿ. ಸ್ವಿಫ್ಟಿನ 1.3 ಲೀಟರ್ ಡೀಸೆಲ್‌ನಲ್ಲಿ ಬೆಲ್ಟ್ ಬದಲು ಚೈನ್ ಇರುವುದರಿಂದ, ಸ್ಟಾರ್ಟ್ ಮಾಡಿದಾಗ ಗಲಗಲ ಸದ್ದು ಬಂದರೆ ಮಾತ್ರ ಬಿಚ್ಚಿಸಿ.

ಆಲ್ಟರ್ನೇಟರ್, ಸೆಲ್ಫ್ ಮೋಟರ್, ಮೇಲಿನ ಹೋಸ್‌ಗಳು ನಡೆಯುತ್ತಿದ್ದರೆ ಹಾಗೇ ಬಿಡಿ. ಪೇಂಟ್ ಹೊಡೆಸುವುದಂತೂ ದಂಡ, ಸೋರಿಕೆ ಎಲ್ಲಿಂದ ಅಂತಲೂ ಗೊತ್ತಾಗುವುದಿಲ್ಲ.

ದುಡ್ಡು ಕೊಡುವ ಮುಂಚೆ ಎಂಜಿನ್ ನಂಬರ್ ಬ್ಲಾಕಿನ ಮೇಲೆ ಸ್ಪಷ್ಟವಾಗಿದೆಯಾ ನೋಡಿ, ಬಿಲ್ ತಗೊಳ್ಳಿ. ಗಾಡಿ ಶಿವಮೊಗ್ಗದ ಕೆಎ-14 ಇರಲಿ, ಸಾಗರದ ಕೆಎ-15 ಇರಲಿ, ಆರ್‌ಟಿಒದಲ್ಲಿ ಹೊಸ ನಂಬರ್ ಆರ್‌ಸಿಗೆ ಏರಿಸಲೇಬೇಕು. ಇನ್ಶೂರೆನ್ಸಿನವರಿಗೂ ತಿಳಿಸಿ. ಗಾಡಿಯಿಂದ ಇಳಿಸಿದ ಎಂಜಿನ್ನನ್ನು ಅದೇ ದಿನ ತೂಕಕ್ಕೆ ಹಾಕಬೇಡಿ. ಬ್ರಾಕೆಟ್, ಸೆನ್ಸರ್, ಪೈಪು ಅಂತ ಅದರಿಂದ ಏನಾದರೂ ಬೇಕಾಗೇ ಆಗುತ್ತದೆ, ಈಗ ಹಾಕಿಸಿದ್ದು ಒಂದು ತಿಂಗಳು ಓಡಲಿ.