ಅಡಿಕೆ ಬಿಲ್ಲು ತೋರಿಸಿ ಅಮೆರಿಕದ ಕ್ರಿಶ್ಚಿಯನ್ ಕಾಲೇಜು ಸೇರಿದ್ದು

ನಾನು ಓದಿದ ಕಾಲೇಜಿನ ಬಗ್ಗೆ ಊರಲ್ಲಿ ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ. ಮತ ಬದಲಾಯಿಸಬೇಕಾ? ಬೇಕಿಲ್ಲ. ನಾನು ಬದಲಾಯಿಸಿಲ್ಲ, ಬದಲಾಯಿಸು ಅಂತ ಯಾರೂ ಕೇಳಲೂ ಇಲ್ಲ. ಆದರೆ ಪ್ರಶ್ನೆ ಕೇಳುವವರನ್ನು ನೋಡಿ ನಗಬೇಡಿ, ಯಾಕಂದ್ರೆ ಅಮೆರಿಕದಲ್ಲಿ ಕ್ರಿಶ್ಚಿಯನ್ ಕಾಲೇಜು ಅಂತ ಹೇಳಿಕೊಳ್ಳುವವೆಲ್ಲ ಒಂದೇ ಥರ ಇಲ್ಲ. ಇಲಿನಾಯ್‌ನ ವೀಟನ್ ಕಾಲೇಜಿಗೆ ಸೇರುವವರು ನಂಬಿಕೆಯುಳ್ಳ ಕ್ರೈಸ್ತರೇ ಆಗಿರಬೇಕು, ಹೇಗೆ ಬದುಕುತ್ತೇವೆ ಅನ್ನುವ ಒಪ್ಪಂದಕ್ಕೂ ಒಪ್ಪಬೇಕು, ಚಾಪೆಲ್‌ಗೆ, ಅಂದರೆ ಕಾಲೇಜಿನ ಪ್ರಾರ್ಥನಾ ಸಭೆಗೆ, ಹೋಗೋದು ಕಡ್ಡಾಯ. ಮಿಷಿಗನ್‌ನ ಕ್ಯಾಲ್ವಿನ್‌ನಲ್ಲಿ ಚರ್ಚಿನ ಸಿದ್ಧಾಂತಕ್ಕೆ ಬದ್ಧ ಅಂತ ಮೇಷ್ಟ್ರುಗಳು ಸಹಿ ಹಾಕಬೇಕು, ವಿದ್ಯಾರ್ಥಿಗಳು ಹಾಕಬೇಕಿಲ್ಲ. ನಾನು ಹೋದದ್ದು ಕೆಂಟಕಿಯ ಬೆರಿಯಾ ಕಾಲೇಜಿಗೆ. ಅಲ್ಲಿ ಪ್ರಾರ್ಥನೆ ಕಡ್ಡಾಯ ಅಲ್ಲ. ಕೆಲಸ ಕಡ್ಡಾಯ.

ಹಾಗಾಗಿ ಅರ್ಜಿ ಹಾಕುವ ಮೊದಲು ಕಾಲೇಜಿಗೆ ನೇರವಾಗಿ ಒಂದು ಮೇಲ್ ಬರೆಯಿರಿ. ನಾನು ಹಿಂದೂ, ನನ್ನಿಂದ ಯಾವುದಕ್ಕಾದರೂ ಸಹಿ ಹಾಕಿಸಿಕೊಳ್ಳುತ್ತೀರಾ, ಚಾಪೆಲ್‌ಗೆ ಬರಲೇಬೇಕಾ, ಬೈಬಲ್ ಕೋರ್ಸ್ ಎಷ್ಟು ತೆಗೆದುಕೊಳ್ಳಬೇಕು, ಇಷ್ಟೇ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ, ಏಜೆಂಟರ ಬಾಯಿಮಾತು ನಂಬಬೇಡಿ. ಶಿವಮೊಗ್ಗದ ಒಬ್ಬ ಏಜೆಂಟ್ ನನಗೆ "ಎಲ್ಲಾ ಕಡೆ ಒಂದೇ, ಹೋಗಿ ಬಿಡಿ" ಅಂದಿದ್ದರು. ಅವರಿಗೆ ಬೇಕಿದ್ದದ್ದು ಕಮಿಷನ್, ಅಲ್ವಾ.

ಬೆರಿಯಾನೇ ಯಾಕೆ ಅಂದರೆ ದುಡ್ಡು. ಸುಮ್ನೆ ದೊಡ್ಡ ಮಾತು ಆಡುವುದಿಲ್ಲ. ಅಲ್ಲಿ ಯಾವ ವಿದ್ಯಾರ್ಥಿಯಿಂದಲೂ ಟ್ಯೂಷನ್ ಫೀಸ್ ವಸೂಲಿ ಮಾಡುವುದಿಲ್ಲ, ಹೊರದೇಶದಿಂದ ಬಂದವರಿಗೆ ಮೊದಲ ವರ್ಷ ಊಟ, ವಸತಿ ಕೂಡ ಕಾಲೇಜಿನ ಲೆಕ್ಕದಲ್ಲೇ ಹೊಂದಿಕೆಯಾಗುತ್ತದೆ. ಬದಲಿಗೆ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಕೆಲಸ ಮಾಡಬೇಕು. ತೆಗೆದುಕೊಳ್ಳುವುದು ಮಾತ್ರ ಕೈಯಲ್ಲಿ ದುಡ್ಡಿಲ್ಲದ ಮನೆಯವರನ್ನು. ಅಂದರೆ ಸೀಟು ಸಿಗಬೇಕಾದರೆ ಮಾರ್ಕ್ಸ್ ಜೊತೆಗೆ ಬಡತನವನ್ನೂ ದಾಖಲೆ ಸಮೇತ ತೋರಿಸಬೇಕು.

ಇಲ್ಲೇ ನಮ್ಮ ಮಲೆನಾಡಿನವರಿಗೆ ಕಷ್ಟ. ನಮ್ಮದು ಹೊಸನಗರದ ಕಡೆ ಸಣ್ಣ ಅಡಿಕೆ ತೋಟ. ಕೃಷಿ ಆದಾಯಕ್ಕೆ ನಮ್ಮಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಾಗಿ ಅಪ್ಪಯ್ಯ ಯಾವತ್ತೂ ರಿಟರ್ನ್ಸ್ ಫೈಲ್ ಮಾಡಿದವರೇ ಅಲ್ಲ. ಅಮೆರಿಕದವರು ಮೊದಲು ಕೇಳುವುದು ಅದನ್ನೇ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಇಂಗ್ಲಿಷ್‌ಗೆ ಮಾಡಿಸಿ ಕಳಿಸಿದರೆ, ಒಂದೇ ಸಾಲಿನ ಕಾಗದ, ಅದರಲ್ಲಿ ಅವರಿಗೆ ಏನು ಅರ್ಥವಾಗಬೇಕು? ನಾನು ಮಾಡಿದ್ದು ಹೀಗೆ. ಪಹಣಿ ತೆಗೆಸಿದೆ. ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸ್‌ಗೆ ಅಡಿಕೆ ಹಾಕಿದ ಮೂರು ವರ್ಷದ ಬಿಲ್ಲುಗಳನ್ನು ಅಮ್ಮನ ಟ್ರಂಕಿನಿಂದ ಹುಡುಕಿ ತೆಗೆದೆ. ಸೊಸೈಟಿಯ ಬೆಳೆ ಸಾಲದ ಪಾಸ್‌ಬುಕ್ ಜೋಡಿಸಿದೆ. ಇಷ್ಟನ್ನೂ ಒಂದು ಪುಟದಲ್ಲಿ ಬಿಡಿಸಿ ಬರೆದೆ: ರಾಶಿ ಅನ್ನುವ ಅಡಿಕೆ ದರ್ಜೆ ಅಂದರೆ ಏನು, ಗೊರಬಲು ಅನ್ನುವ ದರ್ಜೆ ಯಾಕೆ ಕಡಿಮೆ ರೇಟಿಗೆ ಹೋಗುತ್ತದೆ, ಮಳೆಗಾಲದಲ್ಲಿ ಕೊಳೆರೋಗ ಬಾರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆಸುವುದಕ್ಕೆ ಎಷ್ಟು ಖರ್ಚು, ಎಲೆಚುಕ್ಕಿ ರೋಗ ಬಂದಮೇಲೆ ಫಸಲು ಎಲ್ಲಿಗೆ ಇಳಿಯಿತು. ಒಂದು ವರ್ಷದ ಬಿಲ್ಲಿನಲ್ಲಿ ದೊಡ್ಡ ಮೊತ್ತ ಇತ್ತು, ಅದನ್ನು ಮುಚ್ಚಿಡಲಿಲ್ಲ. ಹಿಂದಿನ ವರ್ಷ ಮಾರದೆ ಇಟ್ಟಿದ್ದ ಅಡಿಕೆಯೂ ಅದರಲ್ಲಿ ಸೇರಿದೆ ಅಂತ ಪಕ್ಕದಲ್ಲೇ ಬರೆದೆ. ಕೊನೆಗೆ ತೀರ್ಥಹಳ್ಳಿಯ ಒಬ್ಬ ಆಡಿಟರ್ ಹತ್ತಿರ ಒಟ್ಟು ಲೆಕ್ಕಕ್ಕೆ ಸರ್ಟಿಫಿಕೇಟ್ ಮಾಡಿಸಿದೆ. ಅಪ್ಪಯ್ಯನಿಗೆ ಇದು ಸ್ವಲ್ಪವೂ ಇಷ್ಟ ಇರಲಿಲ್ಲ. "ಮನೆ ಲೆಕ್ಕ ಎಲ್ಲಾ ಬಿಚ್ಚಿ ಪರದೇಶಕ್ಕೆ ಕಳಿಸ್ತೀಯಲ್ಲ ಮಾರಾಯ" ಅಂತ ಸುಮಾರು ದಿನ ಗೊಣಗಿದರು.

ಪ್ರಬಂಧ ಬರೆಯುವುದು, ಇಂಗ್ಲಿಷ್ ಪರೀಕ್ಷೆ, ಎಸ್‌ಎಸ್‌ಎಲ್‌ಸಿ-ಪಿಯುಸಿ ಅಂಕಪಟ್ಟಿ, ಇವೆಲ್ಲ ಎಲ್ಲರಿಗೂ ಇರುವಂಥದ್ದೇ. ಸೀಟು ಸಿಕ್ಕಮೇಲೆ ಐ-20 ಬರುತ್ತದೆ, ವೀಸಾಕ್ಕೆ ಬೇಕಾದ ಕಾಲೇಜಿನ ಪತ್ರ ಅದು, ಓದಿನ ಖರ್ಚು ಯಾರದ್ದು ಅಂತಲೂ ಅದರಲ್ಲಿರುತ್ತದೆ. ಹೊರದೇಶದ ವಿದ್ಯಾರ್ಥಿಗಳ ಲೆಕ್ಕ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಗೆ ಕಟ್ಟುವ ಸೆವಿಸ್ ಫೀಸ್ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್, ಅದರ ಮೇಲೆ ವಿಮಾನದ ಟಿಕೆಟ್. ಕಾಲೇಜು ಫ್ರೀ ಅಂದರೂ ಇಷ್ಟು ದುಡ್ಡು ಮನೆಯಲ್ಲಿ ಹೊಂದಿಸಿಟ್ಟುಕೊಳ್ಳಲೇಬೇಕು.

ಇಂಟರ್‌ವ್ಯೂ ಚೆನ್ನೈನಲ್ಲಿ, ಜೆಮಿನಿ ಫ್ಲೈಓವರ್ ಪಕ್ಕದ ಕಾನ್ಸುಲೇಟ್‌ನಲ್ಲಿ. ಯಾರು ದುಡ್ಡು ಕೊಡುತ್ತಾರೆ, ಇದೇ ಕಾಲೇಜು ಯಾಕೆ, ಅಂತ ಕೇಳಿದರು. ಮೊದಲನೆಯದಕ್ಕೆ ಐ-20 ತೋರಿಸಿದೆ. ಎರಡನೆಯದಕ್ಕೆ ಕಾಲೇಜಿನ ಕಥೆ ಹೇಳಿದೆ. 1855ರಲ್ಲಿ ಜಾನ್ ಫೀ ಅನ್ನುವ ಪಾದ್ರಿ ಶುರು ಮಾಡಿದ್ದು, ಗುಲಾಮಗಿರಿ ಬೇಡ ಅಂತ ಹೋರಾಡಿದವರು. ಆಮೇಲೆ ಕರಿಯರು ಬಿಳಿಯರು ಒಟ್ಟಿಗೆ ಕೂತು ಓದಿದ ಕಾಲೇಜು ಅದು. 1904ರಲ್ಲಿ ಕೆಂಟಕಿ ಸರ್ಕಾರ ಹಾಗೆ ಒಟ್ಟಿಗೆ ಓದಿಸಬಾರದು ಅಂತ ಕಾನೂನು ತಂದಿತು, ಕಾಲೇಜು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1908ರಲ್ಲಿ ಸೋತಿತು. ದೇವರು ಎಲ್ಲ ಜನರನ್ನೂ ಒಂದೇ ರಕ್ತದಿಂದ ಮಾಡಿದ್ದಾನೆ ಅನ್ನುವ ಬೈಬಲ್ ಮಾತು ಅವರ ಧ್ಯೇಯವಾಕ್ಯ. ಇಷ್ಟು ಹೇಳುವಷ್ಟರಲ್ಲಿ ಆಫೀಸರ್ ಸಾಕು ಅಂದು ಪಾಸ್‌ಪೋರ್ಟ್ ಇಟ್ಟುಕೊಂಡರು, ಅಂದರೆ ವೀಸಾ ಸಿಕ್ಕಿತು. ಅದೃಷ್ಟವೂ ಇತ್ತು ಬಿಡಿ. ಆದರೆ ಆ ಕಾಲೇಜು ಏನು ಅಂತ ಗೊತ್ತಿರುವುದು ಒಳ್ಳೆಯದು, ಬೇರೆ ಮತದ ಕಾಲೇಜಿಗೆ ಹೋಗುವವರಿಗೆ ಇನ್ನೂ ಜಾಸ್ತಿ.

ಇನ್ನು ಕೆಲಸದ ವಿಷಯ. ಮೊದಲ ವರ್ಷ ಯಾವ ಕೆಲಸ ಅಂತ ಕಾಲೇಜೇ ಹೇಳುತ್ತದೆ. ನನಗೆ ಬಂದದ್ದು ಹಾಸ್ಟೆಲ್ ಸ್ವಚ್ಛತೆ. ಕಾರಿಡಾರ್ ಒರೆಸಬೇಕು, ಬಾತ್‌ರೂಮ್ ತೊಳೆಯಬೇಕು, ಕಸದ ಚೀಲ ಕಟ್ಟಿ ಹೊರಗಿಡಬೇಕು. ಫೋನಿನಲ್ಲಿ ಹೇಳಿದಾಗ ಚಿಕ್ಕಮ್ಮ "ಅಮೆರಿಕಕ್ಕೆ ಹೋಗಿ ಕಕ್ಕಸು ತೊಳೀತಿದೀಯಾ?" ಅಂತ ಅತ್ತೇಬಿಟ್ಟರು. ಅಪ್ಪಯ್ಯ ಮಾತೇ ಆಡಲಿಲ್ಲ. ನಮ್ಮ ಮನೆಯಲ್ಲಿ ಹಿಂದೆ ಆ ಕೆಲಸ ಯಾರು ಮಾಡುತ್ತಿದ್ದರು, ಅವರನ್ನು ಎಲ್ಲಿ ನಿಲ್ಲಿಸುತ್ತಿದ್ದರು ಅನ್ನುವುದು ನನಗೂ ಗೊತ್ತು, ಅವರಿಗೂ ಗೊತ್ತು. ನನ್ನ ಜೊತೆ ಒರೆಸುತ್ತಿದ್ದವನು ಪೂರ್ವ ಕೆಂಟಕಿಯ ಕಲ್ಲಿದ್ದಲು ಗಣಿ ಕಡೆಯವನು, ಅವನಿಗೆ ಅದರಲ್ಲಿ ವಿಶೇಷವೇ ಕಾಣಲಿಲ್ಲ. ಓದಿನ ಅಂಕಪಟ್ಟಿಯಂತೆ ಕೆಲಸಕ್ಕೂ ಅಲ್ಲಿ ಬೇರೆ ದಾಖಲೆ ಕೊಡುತ್ತಾರೆ, ಮೇಲ್ವಿಚಾರಕರು ಹೇಗೆ ಮಾಡಿದೆ ಅಂತ ಬರೆಯುತ್ತಾರೆ. ಮತ ಬದಲಾಗುತ್ತೆ ಅಂತ ಹೆದರಿದವರು ನಮ್ಮ ಮನೆಯವರು. ಅಲ್ಲಿ ನಿಜವಾಗಿ ಪೆಟ್ಟು ಬಿದ್ದದ್ದು ಜಾತಿಯ ಜಂಬಕ್ಕೆ.

ಎರಡನೇ ವರ್ಷ ಕೇಳಿ ಕಸಬರಿಗೆ ವಿಭಾಗಕ್ಕೆ ಹೋದೆ. ಹೌದು, ಕಾಲೇಜಿನಲ್ಲಿ ಕಸಬರಿಗೆ ಕಟ್ಟುವ ವಿಭಾಗವೇ ಇದೆ, ನೇಯ್ಗೆ, ಮರಗೆಲಸದ ಜೊತೆಗೆ. ಬ್ರೂಮ್ ಕಾರ್ನ್ ಅಂತ ಜೋಳದ ಜಾತಿಯ ಗಿಡ, ಅದರ ತೆನೆಯ ಕಡ್ಡಿಯನ್ನು ನೀರಿನಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಬಗ್ಗಿಸುವಾಗ ಪಟಪಟ ಮುರಿಯುತ್ತದೆ. ನೆನೆದ ಕಡ್ಡಿಯನ್ನು ಕೋಲಿನ ಸುತ್ತ ಸ್ವಲ್ಪ ಸ್ವಲ್ಪವೇ ಇಡುತ್ತಾ ದಾರ ಬಿಗಿದು ಸುತ್ತಬೇಕು. ದಾರ ಒಂದು ಕ್ಷಣ ಸಡಿಲವಾದರೂ ಇಡೀ ಕಟ್ಟು ಬಿಚ್ಚಿಕೊಳ್ಳುತ್ತದೆ. ಚಪ್ಪಟೆ ಕಸಬರಿಗೆ ಆದರೆ ಇಕ್ಕುಳದಲ್ಲಿ ಸಿಗಿಸಿ ದಪ್ಪ ಸೂಜಿಯಿಂದ ಹೊಲಿಯಬೇಕು. ಬೆರಳು ಸುಲಿದುಹೋಗುತ್ತಿತ್ತು. ಮನೆಯಲ್ಲಿ ಅಜ್ಜ ತೆಂಗಿನಗರಿ ಸೀಳಿ ಹಿಡಿಕಟ್ಟು ಮಾಡುವಾಗ ಪಕ್ಕದಲ್ಲಿ ಕೂತು ಮೊಬೈಲ್ ನೋಡುತ್ತಿದ್ದವನು ನಾನು.

ಕ್ರೈಸ್ತ ಧರ್ಮದ ಬಗ್ಗೆ ಒಂದು ಕೋರ್ಸ್ ಎಲ್ಲರೂ ತೆಗೆದುಕೊಳ್ಳಲೇಬೇಕು. ಅದು ಪ್ರಾರ್ಥನೆಯಲ್ಲ, ಪಾಠ. ಓದಿ, ವಾದ ಮಾಡಿ, ಪ್ರಬಂಧ ಬರೆಯಬೇಕು. ನಿಜ ಹೇಳಬೇಕೆಂದರೆ ಆ ಕ್ಲಾಸಿನಲ್ಲಿ ಜಾಸ್ತಿ ಒದ್ದಾಡಿದವರು ಚಿಕ್ಕಂದಿನಿಂದ ಚರ್ಚಿಗೆ ಹೋಗುತ್ತಿದ್ದ ಹುಡುಗರು. ಮನೆಯಲ್ಲಿ ಪ್ರಶ್ನೆಯೇ ಇಲ್ಲದೆ ನಂಬಿದ್ದನ್ನು ಇಲ್ಲಿ ಮೇಷ್ಟ್ರು ಪ್ರಶ್ನೆ ಮಾಡುತ್ತಿದ್ದರು. ನಾವು ಹೊರಗಿನವರು ಆರಾಮ.

ಭಾನುವಾರ ಚರ್ಚಿಗೆ ಬಾ ಅಂತ ಊರಿನವರು, ಕ್ಲಾಸಿನವರು ಕರೆಯುತ್ತಾರೆ. ಕಾಲೇಜಲ್ಲ, ಜನ. ಬರಲ್ಲ ಅಂತ ನಗುತ್ತಾ ಒಂದು ಸಲ ಹೇಳಿದರೆ ಮುಗಿಯಿತು. "ನೋಡೋಣ, ಮುಂದಿನ ವಾರ" ಅಂತ ನಮ್ಮೂರ ದಾಕ್ಷಿಣ್ಯ ತೋರಿಸಿದರೆ ಮುಂದಿನ ವಾರ ಕಾರು ತೆಗೆದುಕೊಂಡು ಹಾಸ್ಟೆಲ್ ಮುಂದೆ ನಿಂತಿರುತ್ತಾರೆ. ನಾನು ಆಗಾಗ ಹೋಗುತ್ತಿದ್ದೆ, ಹಾಡು ಚೆನ್ನಾಗಿರುತ್ತಿತ್ತು, ಆಮೇಲೆ ಊಟವೂ ಇರುತ್ತಿತ್ತು. ಸಸ್ಯಾಹಾರಿಗಳು ಮಾತ್ರ ಅಲ್ಲಿ ಹುರುಳಿಕಾಯಿ ಪಲ್ಯ ನೋಡಿ ಮೋಸ ಹೋಗಬೇಡಿ. ಆ ಕಡೆ ಹುರುಳಿಕಾಯಿಯನ್ನು ಹಂದಿ ಮಾಂಸದ ಚೂರು ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ, ಮಾಡಿದವರಿಗೆ ಅದು ತರಕಾರಿಯೇ. ಬಡಿಸುವವರನ್ನಲ್ಲ, ಅಡುಗೆ ಮಾಡಿದವರನ್ನೇ ಕೇಳಿ.

ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸ್ಕಾಲರ್‌ಶಿಪ್‌ನಲ್ಲಿ ಟ್ಯೂಷನ್ ಭಾಗಕ್ಕೆ ತೆರಿಗೆ ಇಲ್ಲ, ಊಟ-ವಸತಿಯ ಭಾಗಕ್ಕೆ ಅಮೆರಿಕದಲ್ಲಿ ತೆರಿಗೆ ಇದೆ, ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವರಿಗೆ ಸಾಮಾನ್ಯವಾಗಿ ಶೇ. 14 ಹಿಡಿಯುತ್ತಾರೆ. ಆದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ತೆರಿಗೆ ಇಲ್ಲದೆ ಕಳೆದುಕೊಳ್ಳಬಹುದಾದ ಒಂದು ಮೊತ್ತ, ಸಿಗುತ್ತದೆ, ಬೇರೆ ಎಷ್ಟೋ ದೇಶದವರಿಗೆ ಇಲ್ಲ. 2024ನೇ ವರ್ಷಕ್ಕೆ ಅದು 14,600 ಡಾಲರ್ ಇತ್ತು. ಹೊರದೇಶದವರು ತುಂಬುವ 1040-ಎನ್ಆರ್ ತೆರಿಗೆ ಫಾರಂನಲ್ಲಿ ಅದನ್ನು ಕೇಳಿ ಹಾಕಿಕೊಂಡರೆ ಹಿಡಿದ ದುಡ್ಡು ಬಹಳಷ್ಟು ವಾಪಸ್ ಬರುತ್ತದೆ. ಜೊತೆಗೆ ವಿದ್ಯಾರ್ಥಿಯಾಗಿ ಅಲ್ಲಿದ್ದೇನೆ ಅಂತ ತಿಳಿಸುವ 8843 ಫಾರಂ ಕೂಡ ಇರಲಿ, ಏಪ್ರಿಲ್ 15ರ ಒಳಗೆ ಎರಡನ್ನೂ ಕಳಿಸಿಬಿಡಿ.