ಈಜುಕೊಳದ ಪಂಪ್, ಕ್ಲೋರಿನೇಟರ್, ದೀಪ: ಆಟೊಮೇಷನ್‌ಗೆ ವಯರಿಂಗ್ ಹೀಗಿರಲಿ

ಪಂಪ್, ಉಪ್ಪಿನ ಕ್ಲೋರಿನೇಟರ್ (ಉಪ್ಪು ಬೆರೆತ ನೀರಿನಿಂದಲೇ ಕ್ಲೋರಿನ್ ತಯಾರಿಸುವ ಸಾಧನ), ನೀರೊಳಗಿನ ದೀಪ ಮೂರನ್ನೂ ಮೊಬೈಲ್‌ನಿಂದ ನಡೆಸುವ ಕಂಟ್ರೋಲರ್ ಹಾಕಿಸಿದರೆ ಮಲ್ಪೆ, ಕಾಪು, ಸುರತ್ಕಲ್ ಕಡೆಯ ಹೋಂಸ್ಟೇಯವರಿಗೆ ದಿನದ ಕೆಲಸ ಎಷ್ಟೋ ಹಗುರ. ಆದರೆ ಕಂಟ್ರೋಲರ್ ಹ್ಯಾಂಗ್ ಆದರೂ, ಅದರ ರಿಲೇ (ಒಳಗಿನ ವಿದ್ಯುತ್ ಸ್ವಿಚ್) ಅಂಟಿಕೊಂಡರೂ ನೀರಿನಲ್ಲಿರುವವರಿಗೆ ಅಪಾಯ ಆಗಕೂಡದು. ಆ್ಯಪ್‌ನ ಸೆಟ್ಟಿಂಗ್ ನಂಬಿ ಕೂರದೆ ಸುರಕ್ಷತೆಯನ್ನು ವಯರಿಂಗ್‌ನಲ್ಲೇ ಕಟ್ಟಬೇಕು. ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದಲೇ ಮಾಡಿಸಿ. ಏನೇನು ಆಗಬೇಕು ಎಂಬುದು ಮಾಲೀಕರಿಗೂ ಗೊತ್ತಿರಲಿ.

ಪ್ಯಾನೆಲ್ ಎಲ್ಲಿ?

ಕೊಳದ ಅಂಚಿನಿಂದ ಕನಿಷ್ಠ 3.5 ಮೀಟರ್ ಆಚೆ, ನೆರಳಿನಲ್ಲಿ. ಆ್ಯಸಿಡ್, ಕ್ಲೋರಿನ್ ಕ್ಯಾನ್ ಇಡುವ ಕೋಣೆ ಬೇಡ. ಅದರ ಹಬೆಗೆ ಕಾಂಟ್ಯಾಕ್ಟರ್‌ನ (ಭಾರಿ ಹೊರೆಯನ್ನು ಆನ್–ಆಫ್ ಮಾಡುವ ದೊಡ್ಡ ವಿದ್ಯುತ್ ಸ್ವಿಚ್‌ನ) ತಾಮ್ರ ಬೇಗ ಹಸಿರುಗಟ್ಟುತ್ತದೆ. ಕಡಲ ಗಾಳಿಯ ಉಪ್ಪೂ ಅದಕ್ಕೆ ಸೇರುವುದರಿಂದ ದೂಳು, ನೀರು ಒಳನುಗ್ಗದ ಐಪಿ 65 ಪೆಟ್ಟಿಗೆ, ವಯರ್‌ನ ತುದಿಗೆ ತವರ ಲೇಪಿಸಿದ ತಾಮ್ರದ ಲಗ್ ಬಳಸಿ. ಕೇಬಲ್‌ಗಳು ಪೆಟ್ಟಿಗೆಯ ತಳದಿಂದ, ಗ್ಲ್ಯಾಂಡ್ ಮೂಲಕವೇ ಒಳಗೆ ಬರಲಿ. ಮೇಲಿನಿಂದ ತಂದರೆ ಆಟಿಯ ಮಳೆಯ ನೀರು ಕೇಬಲ್ ಹಿಡಿದೇ ಒಳಗಿಳಿಯುತ್ತದೆ.

ಒಳಬರುವ ಲೈನ್

ಪಂಪ್‌ಗೊಂದು, ದೀಪಗಳಿಗೊಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೇರೆಬೇರೆ ಹಾಕಿ. ಒಂದು ಟ್ರಿಪ್ ಆದರೆ ಇನ್ನೊಂದು ನಡೆಯುತ್ತದೆ, ದೋಷ ಹುಡುಕುವುದೂ ಸುಲಭ. ಎರಡರ ನ್ಯೂಟ್ರಲ್‌ಗೆ ಪ್ರತ್ಯೇಕ ಬಾರ್ ಇರಲೇಬೇಕು. ಹೊಸ ಪ್ಯಾನೆಲ್‌ನಲ್ಲಿ ಪಂಪ್ ಶುರುವಾದ ಕೂಡಲೇ ಆರ್‌ಸಿಸಿಬಿ ಬಿದ್ದರೆ ಮೊದಲು ನೋಡಬೇಕಾದ್ದು ನ್ಯೂಟ್ರಲ್ ಅದಲುಬದಲಾಗಿದೆಯೇ ಎಂದು. ಮಳೆಗಾಲದ ಮೊದಲೂ ಕೊನೆಯಲ್ಲೂ ಗುಡುಗು ಸಿಡಿಲು ಹೆಚ್ಚಿರುವ ಕರಾವಳಿಯಲ್ಲಿ ಸರ್ಜ್ ಪ್ರೊಟೆಕ್ಟರ್‌ನ (ಲೈನಿನಲ್ಲಿ ದಿಢೀರನೆ ಏರುವ ವೋಲ್ಟೇಜ್ ತಡೆಯುವ ಸಾಧನದ) ಖರ್ಚು ಉಳಿಸಲು ಹೋಗಬೇಡಿ.

ಪಂಪ್

1.5 ಎಚ್‌ಪಿ ಸಿಂಗಲ್ ಫೇಸ್ ಪಂಪ್ ಓಡುವಾಗ ಸುಮಾರು 7ರಿಂದ 8 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಕಂಟ್ರೋಲರ್‌ನ ಮೇಲೆ ‘10 ಆಂಪಿಯರ್ ರಿಲೇ’ ಎಂದು ಬರೆದಿರುವುದು ನೋಡಿ ಮೋಟರನ್ನು ನೇರವಾಗಿ ಅದಕ್ಕೆ ಕೊಡುವುದು ದೊಡ್ಡ ತಪ್ಪು. ಕಾಂಟ್ಯಾಕ್ಟ್ ಬೆಸೆದುಕೊಂಡು ಪಂಪ್ ಆಫ್ ಆಗುವುದೇ ಇಲ್ಲ. ರಿಲೇ ಕಾಂಟ್ಯಾಕ್ಟರ್‌ನ ಕಾಯಿಲ್ (ಅದನ್ನು ಎಳೆದು ಆನ್ ಮಾಡುವ ಸುರುಳಿ) ಅನ್ನು ಮಾತ್ರ ನಡೆಸಲಿ. ಮೋಟರಿನ ಹೊರೆಯನ್ನು ಎಸಿ-3 ದರ್ಜೆಯ (ಮೋಟರ್‌ಗೆಂದೇ ಮಾಡಿದ) ಕಾಂಟ್ಯಾಕ್ಟರ್ ಹೊರಲಿ. 20 ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, 16 ಆಂಪಿಯರ್ ‘ಸಿ’ ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ, ಮೋಟರ್ ಶುರುವಾಗುವಾಗಿನ ಎಳೆತ ತಾಳುವ ಸ್ವಿಚ್) ಸಾಕು.

ಓವರ್‌ಲೋಡ್ ರಿಲೇಯನ್ನು (ಮೋಟರ್ ಹೆಚ್ಚು ಕರೆಂಟ್ ಎಳೆದರೆ ಬೀಳುವುದು) ಮೋಟರಿನ ನೇಮ್‌ಪ್ಲೇಟ್‌ನಲ್ಲಿರುವ ಆಂಪಿಯರ್‌ಗೆ ತಿರುಗಿಸಿಡಿ. ಅದರ 95–96 ಟರ್ಮಿನಲ್ ಕಾಯಿಲ್‌ನ ಸರಣಿಯಲ್ಲಿ ಬರಬೇಕು. ಸಂಜೆ ವೋಲ್ಟೇಜ್ ಇಳಿದಾಗ ಮೋಟರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ; ಓವರ್‌ಲೋಡ್ ಬಿದ್ದರೆ ಕಾಂಟ್ಯಾಕ್ಟರ್ ತಾನಾಗಿ ಬಿಡುತ್ತದೆ. ಕಾಯಿಲ್‌ಗೆ ಅಡ್ಡಲಾಗಿ ಒಂದು ಆರ್‌ಸಿ ಸ್ನಬ್ಬರ್ (ಕಾಯಿಲ್ ಆಫ್ ಆಗುವಾಗ ಏಳುವ ವೋಲ್ಟೇಜ್ ತಗ್ಗಿಸುವ ಬಿಡಿಭಾಗ) ಹಾಕಿ. ಅದಿಲ್ಲದೆ, ಪಂಪ್ ಆಫ್ ಆದಾಗಲೆಲ್ಲ ಕಂಟ್ರೋಲರ್ ರೀಸೆಟ್ ಆಗುವುದುಂಟು. ಮ್ಯಾನ್ಯುವಲ್–ಆಫ್–ಆಟೊ ಸ್ವಿಚ್ ಕೂಡ ಇರಲಿ.

ಕ್ಲೋರಿನೇಟರ್: ಇಲ್ಲಿ ಅವಸರ ಬೇಡ

ನೀರು ಹರಿಯದೆ ಸೆಲ್ (ಕ್ಲೋರಿನೇಟರ್‌ನಲ್ಲಿ ಕ್ಲೋರಿನ್ ತಯಾರಾಗುವ ಭಾಗ) ನಡೆಯುತ್ತಿದ್ದರೆ ಒಳಗೆ ಹೈಡ್ರೋಜನ್ ಅನಿಲ ಶೇಖರವಾಗಿ ಸೆಲ್ ಒಡೆಯಬಹುದು. ಆದ್ದರಿಂದ ಎರಡು ತಡೆ ಬೇಕು. ಒಂದು, ಕ್ಲೋರಿನೇಟರ್‌ನ ಸಪ್ಲೈ ಪಂಪ್ ಕಾಂಟ್ಯಾಕ್ಟರ್‌ನ ಔಟ್‌ಪುಟ್‌ನಿಂದಲೇ ಹೋಗಲಿ. ಇನ್ನೊಂದು, ಪೈಪಿನಲ್ಲಿ ಫ್ಲೋ ಸ್ವಿಚ್. ನೀರು ಹರಿದಾಗ ಮಾತ್ರ ಸರ್ಕಿಟ್ ಮುಚ್ಚುವ (ಕರೆಂಟ್ ಹರಿಯಲು ಬಿಡುವ) ಬಗೆಯದು. ಅದರ ವಯರ್ ತುಂಡಾದರೆ ‘ನೀರಿಲ್ಲ’ ಎಂದೇ ಲೆಕ್ಕ, ಸೆಲ್ ನಿಲ್ಲುತ್ತದೆ.

ವೇಗ ಬದಲಿಸುವ ಪಂಪ್‌ಗೆ ಸಪ್ಲೈ ಯಾವಾಗಲೂ ಇರುವುದರಿಂದ ಮೊದಲ ದಾರಿ ಕೆಲಸಕ್ಕೆ ಬಾರದು. ಅಲ್ಲಿ ಫ್ಲೋ ಸ್ವಿಚ್‌ನಿಂದ ನಡೆಯುವ ಚಿಕ್ಕ ಕಾಂಟ್ಯಾಕ್ಟರ್ ಮೂಲಕ ಕ್ಲೋರಿನೇಟರ್‌ಗೆ ಲೈನ್ ಕೊಡಿ. ಆ್ಯಸಿಡ್ ಮತ್ತು ಹೈಪೋಕ್ಲೋರೈಟ್ ಹಾಕುವ ಡೋಸಿಂಗ್ ಪಂಪ್‌ಗಳಿಗೂ ಇದೇ ನಿಯಮ: ನಿಂತ ನೀರಿನಲ್ಲಿ ಅವೆರಡೂ ಪೈಪಿನಲ್ಲಿ ಸೇರಿದರೆ ಹೊರಡುವುದು ವಿಷದ ಕ್ಲೋರಿನ್ ಅನಿಲ.

ನೀರೊಳಗಿನ ದೀಪ

12 ವೋಲ್ಟ್‌ನದೇ ಇರಲಿ, ಅದೂ ಮೇನ್ ಲೈನಿಗೆ ನೇರ ಸಂಪರ್ಕವಿಲ್ಲದಂತೆ ಬೇರ್ಪಡಿಸುವ ಸೇಫ್ಟಿ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್‌ನಿಂದ. ಕಂಟ್ರೋಲರ್ ಸ್ವಿಚ್ ಮಾಡಬೇಕಾದ್ದು ಟ್ರಾನ್ಸ್‌ಫಾರ್ಮರ್‌ನ 230 ವೋಲ್ಟ್ ಬದಿಯನ್ನು. ಎರಡು 20 ವ್ಯಾಟ್ ದೀಪಗಳಿಗೆ 20 ಮೀಟರ್ ಉದ್ದ 1.5 ಸ್ಕ್ವೇರ್ ಎಂಎಂ ವಯರ್ ಎಳೆದರೆ ಸುಮಾರು 2 ವೋಲ್ಟ್ ದಾರಿಯಲ್ಲೇ ಕಳೆದುಹೋಗಿ ಬೆಳಕು ಮಂಕಾಗುತ್ತದೆ. 4 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 1 ವೋಲ್ಟ್ ಒಳಗೇ ನಿಲ್ಲುತ್ತದೆ. ನೀರಿನ ಮಟ್ಟದ ಕೆಳಗೆ ಜೋಡಣೆ ಇರಲೇಬಾರದು.

ಅರ್ಥಿಂಗ್, ಸಿಗ್ನಲ್ ವಯರ್

ಏಣಿ, ಕೈಹಿಡಿ, ಕೊಳದ ಕಾಂಕ್ರೀಟಿನ ಕಬ್ಬಿಣ, ಪಂಪಿನ ಮೈ ಎಲ್ಲವನ್ನೂ ಕನಿಷ್ಠ 4 ಸ್ಕ್ವೇರ್ ಎಂಎಂ ತಾಮ್ರದಿಂದ ಒಂದಕ್ಕೊಂದು ಜೋಡಿಸಿ ಅರ್ಥ್‌ಗೆ ಸೇರಿಸಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥ್‌ನ ರೆಸಿಸ್ಟೆನ್ಸ್ ಏರುತ್ತದೆ. ಅಳತೆಯನ್ನು ಏಪ್ರಿಲ್–ಮೇಯಲ್ಲಿ ಮಾಡಿಸಿ, ಅರ್ಥ್ ಗುಂಡಿಗೆ ನೀರು ಹಾಕುತ್ತಿರಿ. ಪಿಎಚ್ ಸೆನ್ಸರ್ ಮತ್ತು ಆರ್‌ಎಸ್-485 (ಪಂಪ್, ಕಂಟ್ರೋಲರ್ ನಡುವೆ ಸಂದೇಶ ಸಾಗಿಸುವ) ವಯರ್‌ಗೆ ಬೇರೆ ಪೈಪ್ ಬೇಕು. ಆ ವಯರ್‌ಗಳ ಶೀಲ್ಡ್ (ಸುತ್ತಿನ ಲೋಹದ ಹೊದಿಕೆ) ಅನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ. ಪಂಪ್ ಕಂಟ್ರೋಲರ್‌ಗೆ ಉತ್ತರಿಸದಿದ್ದರೆ ಎ, ಬಿ ವಯರ್ ತಿರುಗುಮುರುಗಾಗಿರಬಹುದು.

ಚಾಲೂ ಮಾಡುವ ಮುನ್ನ

ಕಂಟ್ರೋಲರ್, ಸರ್ಜ್ ಪ್ರೊಟೆಕ್ಟರ್‌ನ ವಯರ್ ಬಿಚ್ಚಿಟ್ಟು 500 ವೋಲ್ಟ್ ಮೆಗ್ಗರ್ (ಕೇಬಲ್‌ನ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದ ಕೇಬಲ್‌ಗೆ ಕರೆಂಟ್ ಕೊಡಬೇಡಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ, ಮುಂದೆ ತಿಂಗಳಿಗೊಮ್ಮೆ. ಮೇನ್ ಆಫ್ ಮಾಡಿ ಫ್ಲೋ ಸ್ವಿಚ್‌ನ ಒಂದು ವಯರ್ ಬಿಚ್ಚಿ, ಮತ್ತೆ ಆನ್ ಮಾಡಿ. ಪಂಪ್ ಓಡಬೇಕು, ಕ್ಲೋರಿನೇಟರ್ ಸತ್ತಂತೆ ಇರಬೇಕು. ಅದು ಶುರುವಾದರೆ ಇಂಟರ್‌ಲಾಕ್ ತಪ್ಪಿದೆ, ಕೊಳ ತೆರೆಯಬೇಡಿ.

ಜೋರು ಮಳೆಯಲ್ಲಿ ಆರ್‌ಸಿಸಿಬಿ ಪದೇಪದೇ ಬಿದ್ದರೆ ಅದನ್ನು ಬೈಪಾಸ್ ಮಾಡಿಸುವ ಯೋಚನೆ ಖಂಡಿತ ಬೇಡ. ಆ ಆರ್‌ಸಿಸಿಬಿಯ ಕೆಳಗಿನ ಎಂಸಿಬಿಗಳನ್ನೆಲ್ಲ ಆಫ್ ಮಾಡಿ, ಒಂದೊಂದಾಗಿ ಏರಿಸಿ. ಯಾವುದೂ ಏರಿಸದೆಯೇ ಬಿದ್ದರೆ ಸೋರಿಕೆ ನ್ಯೂಟ್ರಲ್‌ನಲ್ಲಿರಬಹುದು. ಹೊರಗಿನ ಜಂಕ್ಷನ್ ಬಾಕ್ಸ್‌ಗಳನ್ನು ಮೇನ್ ಆಫ್ ಮಾಡಿಯೇ ಬಿಚ್ಚಿಸಿ. ತೇವ ಕಂಡರೆ ಒಣಗಿಸಿ, ಗ್ಯಾಸ್ಕೆಟ್ ಬದಲಿಸಿ, ಮತ್ತೆ ಮೆಗ್ಗರ್ ಹಾಕಿಸಿ.